ಅತ್ತೆ ಕೇಳಿದ ಗುರುತು

ದೇವರ ಮಾತು ಕೇಳಿಸೀತೇ ಎಂದು ನಾನು ಮೊದಲ ಸಲ ಕಿವಿಗೊಟ್ಟು ಕೂತದ್ದು ಕೊಳ್ಳೇಗಾಲದಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿ, ಚಿಲಕ ಹಾಕಿದ ಒಂದು ಬಾಗಿಲ ಮುಂದೆ. ಆಗ ನನಗೆ ಏಳು ವರ್ಷ. ಒಳಗೆ ಅತ್ತೆ ಉಪವಾಸ ಕೂತಿದ್ದರು. ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಬೇಕೋ ಬೇಡವೋ ಎಂದು ದೇವರನ್ನು ಕೇಳುತ್ತಿದ್ದರು. ದೇವರು ಏನಾದರೂ ಹೇಳಿದರೆ ನನಗೂ ಗೊತ್ತಾಗಲಿ ಎಂದು ನಾನು ಬಾಗಿಲ ಸಂದಿಗೆ ಕಿವಿ ಹಚ್ಚಿದ್ದೆ. ಕೇಳಿಸಿದ್ದೆಲ್ಲ ಅತ್ತೆಯ ದನಿಯೇ. ಅವರು ಎಡೆಬಿಡದೆ ಮಾತಾಡುತ್ತಿದ್ದರು, ದೇವರಿಗೆ ನಡುವೆ ಬಾಯಿ ಹಾಕಲು ಜಾಗವೇ ಇರಲಿಲ್ಲ.

ಅಮ್ಮ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಅಪ್ಪ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿ ನಿಲ್ಲುವವರಲ್ಲ. ನನ್ನನ್ನು ನೋಡಿಕೊಳ್ಳುತ್ತಿದ್ದವರು ಅಮ್ಮನ ತಾಯಿ. ಹನೂರಿನಿಂದ ಆಚೆ, ಒಂದೇ ಜಗಲಿಯಲ್ಲಿ ಕೂತು ತಮಿಳನ್ನೂ ಕನ್ನಡವನ್ನೂ ಆಡುವ ಊರು ಅವರದು. ಅಜ್ಜಿಯನ್ನು ನಾನು ಪಾಟಿ ಎಂದೇ ಕರೆಯುತ್ತಿದ್ದೆ. ಪಾಟಿ ಜಪಮಾಲೆ ಹಿಡಿಯುವವರು, ಫಾದರ್ ಹೇಳಿದ್ದಕ್ಕೆ ತಲೆಯಾಡಿಸುವವರು. ಅತ್ತೆ ಮಾವ ಬೇರೆ ಸಭೆಗೆ ಸೇರಿದವರು, ಕಣ್ಣು ಮುಚ್ಚಿ ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡುವವರು. ಅತ್ತೆಯ ಪ್ರಕಾರ ಜಪಮಾಲೆ ಬರೀ ಬಾಯಿಪಾಠ. ಪಾಟಿಯ ಪ್ರಕಾರ ಅತ್ತೆಯ ಪ್ರಾರ್ಥನೆ ಬರೀ ಗಲಾಟೆ. ಅಪ್ಪ ಅಮ್ಮನ ಮದುವೆ ಯಾವ ಚರ್ಚಿನಲ್ಲಿ ಆಗಬೇಕು ಎನ್ನುವುದಕ್ಕೇ ಎರಡು ಮನೆಯವರೂ ಕಿತ್ತಾಡಿದ್ದರಂತೆ. ನಂಬಿದ್ದು ಒಬ್ಬನೇ ದೇವರನ್ನು. ಆದರೂ ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಪೊಲೀಸ್ ಸ್ಟೇಷನ್ನಿನಲ್ಲಿ ಕೂತ ಹಾಗೆ ನೆಟ್ಟಗೆ ಕೂರುತ್ತಿದ್ದರು.

ಆ ವರ್ಷ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಬಂದರು. ಅತ್ತೆಗೆ ಮದುವೆಯಾಗಿ ಬಹಳ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಅಪ್ಪ ನಡುಮನೆಯಲ್ಲಿ ನಿಂತುಕೊಂಡೇ ವಿಷಯ ಹೇಳಿದರು.

"ಅಕ್ಕಾ, ಮಗೀನ ನಿನ್ ತಾವೇ ಬುಟ್ಟಿರ್ತೀನಿ. ಅಜ್ಜಿಗೆ ವಯಸ್ಸಾಯ್ತು. ಇಲ್ಲಾದ್ರೆ ಇಸ್ಕೂಲೂ ಅತ್ರ ಅದೆ. ನಿಂಗೂ ಒಂದು ಜೊತೆ ಆಯ್ತದೆ."

ಅತ್ತೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಆಸೆ ಇದ್ದದ್ದು ಆ ವಯಸ್ಸಿನ ನನಗೂ ಕಾಣಿಸಿತು. ಆದರೆ ಬಾಯಲ್ಲಿ ಬಂದದ್ದು ಬೇರೆ.

"ಪ್ರಾರ್ಥ್ನೆ ಮಾಡಿ ಏಳ್ತೀನಿ ಕಣಪ್ಪ. ದೇವರ ಚಿತ್ತ ಏನದೆ ಅಂತ ನೋಡ್ಬೇಕಲ್ಲ."

ಅಪ್ಪನಿಗೆ ಅಕ್ಕನ ಸ್ವಭಾವ ಗೊತ್ತಿತ್ತು. ಅತ್ತೆ ಹಾಲಿನವನನ್ನು ಬದಲಾಯಿಸಬೇಕಾದರೂ ಪ್ರಾರ್ಥನೆ ಮಾಡುವವರು. ಸರಿ, ಒಂದು ವಾರ ಇರಲಿ ಎಂದು ಹೇಳಿ, ನನ್ನ ಎರಡು ಫ್ರಾಕು ಇದ್ದ ಚೀಲವನ್ನು ಗೋಡೆಗೆ ಒರಗಿಸಿಟ್ಟು ಅಪ್ಪ ಹೊರಟುಹೋದರು.

ಅತ್ತೆಯ ಕಷ್ಟ ಏನೆಂದು ನನಗೆ ಆಮೇಲೆ ಅರ್ಥವಾಯಿತು. ಅವರ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಂದು ತಟ್ಟೆಯಲ್ಲಿ ಸಣ್ಣ ಸಣ್ಣ ಕಾರ್ಡು ತರುತ್ತಾರೆ. ಒಂದೊಂದರಲ್ಲಿ ಒಂದೊಂದು ವಚನ ಇರುತ್ತದೆ. ಕಣ್ಣು ಮುಚ್ಚಿ ಒಂದನ್ನು ತೆಗೆದುಕೊಂಡರೆ ಅದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ. ಈ ರೂಢಿ ಈಗಲೂ ಇದೆ, ನಾನೂ ತೆಗೆದುಕೊಳ್ಳುತ್ತೇನೆ. ಆ ವರ್ಷ ಅತ್ತೆಯ ಕೈಗೆ ಬಂದದ್ದು ಮಕ್ಕಳಿಲ್ಲದವಳ ಮಡಿಲು ತುಂಬುತ್ತದೆ ಎಂಬ ಅರ್ಥದ ವಚನ. ಅತ್ತೆ ಅದನ್ನು ಪ್ರಾರ್ಥನೆಯ ಕೋಣೆಯ ಗೋಡೆಗೆ ಅನ್ನದ ಅಗುಳು ಹಾಕಿ ಅಂಟಿಸಿದ್ದರು. ತಮ್ಮ ಹೊಟ್ಟೆಯಲ್ಲೇ ಮಗು ಹುಟ್ಟುತ್ತದೆ ಎಂದು ನಂಬಿ ಕಾಯುತ್ತಿದ್ದಾಗ ಬೇಸಿಗೆಯಲ್ಲಿ ನಾನು ಬಂದೆ. ನನ್ನನ್ನು ಇಟ್ಟುಕೊಂಡರೆ ದೇವರ ಮಾತಿನ ಮೇಲೆ ನಂಬಿಕೆ ಇಲ್ಲದೆ ಅಡ್ಡದಾರಿ ಹಿಡಿದಂತಾಗುತ್ತದೆ ಎಂದು ಅವರಿಗೆ ಹೆದರಿಕೆ. ಬೇಡವೆಂದರೆ ಬಂದ ವರವನ್ನೇ ನೂಕಿದಂತಾಗುತ್ತದೆ ಎಂದು ಇನ್ನೊಂದು ಹೆದರಿಕೆ. ಬಾಗಿಲ ಸಂದಿಯಲ್ಲಿ ನನಗೆ ಕೇಳಿಸಿದ್ದೂ ಇದೇ.

"ಸ್ವಾಮೀ, ಈ ಮಗ ನಿನ್ ಉತ್ರಾನೋ, ಇಲ್ಲ ಪರೀಕ್ಷೆನೋ? ಏಳಪ್ಪಾ, ಬಾಯ್ಬುಟ್ಟು ಏಳು."

ಪರೀಕ್ಷೆ ಎಂದರೆ ನನಗೆ ಗೊತ್ತಿದ್ದದ್ದು ಶಾಲೆಯದು. ಅದರಲ್ಲಿ ನಾನು ಚುರುಕಾಗಿದ್ದೆ. ಹಾಗಾಗಿ ಗಾಬರಿಯಾಗಲಿಲ್ಲ.

ನನಗೆ ಅಲ್ಲೇ ಇರಬೇಕು ಎನ್ನಿಸಿತ್ತು. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ಯಾಕೆಂದರೆ ಪಾಟಿ ಬದುಕಿರುವವರೆಗೂ ಇದನ್ನು ಯಾರ ಹತ್ತಿರವೂ ಹೇಳಲಾಗಲಿಲ್ಲ. ಪಾಟಿ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದರು. ಆದರೆ ಆ ಮನೆಯ ತುಂಬ ಅಮ್ಮ ಸತ್ತ ದುಃಖ ಇತ್ತು. ಪಾಟಿ ನನಗೆ ಅನ್ನ ಕಲೆಸುವಾಗಲೂ ಅಳುತ್ತಿದ್ದರು. ಅತ್ತೆಯ ಮನೆಯಲ್ಲಿ ಮಗ್ಗ ಇತ್ತು. ಮಾವ ರೇಷ್ಮೆ ಸೀರೆ ನೇಯುತ್ತಿದ್ದರು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆದು ಎಳೆದು, ದಿನವೆಲ್ಲ ಸದ್ದು ಮಾಡುತ್ತಿದ್ದರೇ ಹೊರತು ಮಾತಾಡುತ್ತಿದ್ದುದು ಕಮ್ಮಿ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಹೇಗೆಂದು ತೋರಿಸಿಕೊಟ್ಟರು. ನಾನು ಸುತ್ತಿದ್ದು ಸಡಿಲವಾಗಿದ್ದರೆ ಬೈಯದೆ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಬಂದ ದಿನ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹಣೆಯ ಚರ್ಮ ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದ್ದರು. ನೋವಾಯಿತು. ಆದರೂ ಅಮ್ಮ ಹೋದ ಮೇಲೆ ನನ್ನ ತಲೆ ಅಷ್ಟು ನೆಟ್ಟಗೆ ಇದ್ದದ್ದೇ ಇಲ್ಲ. ರಾತ್ರಿ ಜಡೆ ಬಿಚ್ಚದೆ ಮಲಗಿದೆ.

ಉಪವಾಸ ಶುರುವಾದ ಮೇಲೆ ಅತ್ತೆ ನನ್ನನ್ನು ಮುಟ್ಟಲಿಲ್ಲ. ಮುಟ್ಟಿದರೆ ತೀರ್ಮಾನ ಆಗಿಹೋಗುತ್ತದೆ ಎಂದು ಅಂಜಿದ ಹಾಗಿತ್ತು. ಬೆಳಿಗ್ಗೆ ಎದ್ದು ನನಗೂ ಮಾವನಿಗೂ ಅಡುಗೆ ಮಾಡಿಟ್ಟು, ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಾನು ಎರಡು ಸಲ ಬಾಗಿಲು ತಟ್ಟಿದೆ. ಒಂದು ಸಲ ಜಡೆ ಬಿಚ್ಚಿಹೋಗಿದೆ ಎಂದು, ಇನ್ನೊಂದು ಸಲ ಸುಮ್ಮನೆ. "ಅತ್ತೆ ಪ್ರಾರ್ಥ್ನೇಲವ್ರೆ ಕಣವ್ವ, ಬಾ" ಎಂದು ಮಾವ ಮಗ್ಗದಿಂದಲೇ ಕರೆದರು. ಆ ಮನೆಯಲ್ಲಿ ನಾನು ಕಾಯುತ್ತಿದ್ದುದು ಒಂದೇ ಮಾತಿಗೆ. ಅತ್ತೆ ಬಾಗಿಲು ತೆಗೆದು ಬಂದು "ಇಲ್ಲೇ ಇದ್ಬುಡು" ಅನ್ನಬೇಕು. ಅಷ್ಟೇ.

ಉಪವಾಸ ಮೂರು ದಿನದ್ದು. ಕೊನೆಯ ದಿನ ಬೆಳಿಗ್ಗೆ ಅತ್ತೆಯ ಗಂಟಲು ಕಟ್ಟಿಹೋಗಿತ್ತು. ದೇವರು ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ, ಅಥವಾ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ಆಗ ಅವರು ನಮ್ಮವರೆಲ್ಲ ಕೊನೆಗೆ ಮಾಡುವುದನ್ನೇ ಮಾಡಿದರು. ಗುರುತು ಕೇಳಿದರು.

"ಈ ಮಗ ನಂದಲ್ಲ ಅನ್ನಂಗಿದ್ರೆ, ಇವತ್ತು ನಾನು ಉಪ್ವಾಸ ಬುಡೋದ್ರೊಳ್ಗೆ ಯಾರಾದ್ರೂ ಒಬ್ರು ಅವಳ್ನ ಕೇಳ್ಕಂಡು ಬರ್ಲಿ. ಯಾರೂ ಬರ್ನಿಲ್ಲ ಅಂದ್ರೆ ನಾನೇ ಇಟ್ಕತೀನಿ ಸ್ವಾಮೀ."

ಗುರುತು ಕೇಳುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಇಂಟರ್‌ವ್ಯೂಗೆ ಹೊರಟವನಿಗೆ ಬಸ್ಸು ಸಿಕ್ಕರೆ ದೇವರ ಚಿತ್ತ, ತಪ್ಪಿದರೆ ಹೋಗುವುದು ದೇವರಿಗೆ ಇಷ್ಟವಿಲ್ಲ. ಬಸ್ಸಿನ ಲೆಕ್ಕ ಹಿಡಿದು ನೋಡಿದರೆ ಹನೂರಿನಿಂದ ಆಚೆ ಇರುವವರು ಎಲ್ಲಿಗೂ ಹೋಗುವುದು ದೇವರಿಗೆ ಇಷ್ಟವೇ ಇಲ್ಲ ಎನ್ನಬೇಕಾಗುತ್ತದೆ. ಈಗ ನಗು ಬರುತ್ತದೆ. ಆವತ್ತು ಬಾಗಿಲ ಈಚೆ ನಿಂತು ನಾನು ಆ ಮಾತನ್ನು ಪೂರಾ ನಂಬಿದೆ. ಸಾಯಂಕಾಲದವರೆಗೆ ಯಾರೂ ಬರದಿದ್ದರೆ ಸಾಕು, ನಾನು ಇಲ್ಲಿಯವಳು. ಓಡಿಹೋಗಿ ಬೀದಿಬಾಗಿಲ ಹೊಸ್ತಿಲ ಮೇಲೆ ಕಾವಲು ಕೂತೆ. ಬಟ್ಟೆ ಮಾರುವವನು ಬಂದ, ಮೊಸರಿನವಳು ಬಂದಳು, ಮಾವನಿಗೆ ನೂಲು ತಂದುಕೊಡುವವನು ಬಂದ. ಒಬ್ಬೊಬ್ಬರು ಬಂದಾಗಲೂ ಇವರು ನನ್ನನ್ನು ಕೇಳುತ್ತಾರೇನೋ ಎಂದು ಬಾಗಿಲ ಮರೆಗೆ ಸರಿದೆ. ಯಾರೂ ಕೇಳಲಿಲ್ಲ. ಮಧ್ಯಾಹ್ನ ಕಳೆಯಿತು. ನೆರಳು ಆಚೆಮನೆಯ ಗೋಡೆ ಹತ್ತಿತು.

ಆಗ ಬೀದಿಯ ತುದಿಯಲ್ಲಿ ಪಾಟಿ ಕಾಣಿಸಿದರು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಕಂಕುಳಲ್ಲಿ ಹಳೇ ಸೀರೆಯ ಒಂದು ದೊಡ್ಡ ಗಂಟು ಇಟ್ಟುಕೊಂಡು, ಮನೆ ಮನೆ ನೋಡುತ್ತ ಬರುತ್ತಿದ್ದರು. ಪಾಟಿಯನ್ನು ಕಂಡರೆ ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತಿದ್ದವಳು ನಾನು. ಆವತ್ತು ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಪಾಟಿ, ಈಗ ಬರ್ಬೇಡ. ಸಾಯಂಕಾಲ ಬಾ" ಅಂದೆ.

ಪಾಟಿಯ ಮುಖ ಹೇಗಾಯಿತು ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟು ದೂರದಿಂದ ಎರಡು ಬಸ್ಸು ಬದಲಾಯಿಸಿ ಬಂದ ಮುದುಕಿಗೆ ಸ್ವಂತ ಮೊಮ್ಮಗಳು ಬಾಗಿಲಲ್ಲೇ ಬರಬೇಡ ಎಂದಳು. ಅವರು ಏನಾದರೂ ಹೇಳುವುದರೊಳಗೆ ಅತ್ತೆ ಹಿಂದಿನಿಂದ ಬಂದರು. ಕಣ್ಣು ಕೆಂಪಾಗಿತ್ತು, ತುಟಿ ಒಣಗಿತ್ತು. ಪಾಟಿಯನ್ನೂ ಕಂಕುಳಿನ ಗಂಟನ್ನೂ ನೋಡಿ ಅಲ್ಲೇ ಗೋಡೆ ಹಿಡಿದು ನಿಂತರು.

"ಬಂದ್ಬುಟ್ರಾ" ಅಂದರು. ಬೇರೇನೂ ಕೇಳಲಿಲ್ಲ. ಕೂತುಕೊಳ್ಳಿ ಎನ್ನಲಿಲ್ಲ. ಒಳಗೆ ಹೋಗಿ ನನ್ನ ಎರಡು ಫ್ರಾಕನ್ನು ಮಡಿಸಿ, ಅಪ್ಪ ಬಿಟ್ಟುಹೋಗಿದ್ದ ಚೀಲಕ್ಕೆ ಹಾಕಿ ತಂದು ನನ್ನ ಕೈಗೆ ಕೊಟ್ಟರು. "ದೇವ್ರು ನಿನ್ ಜೊತೇಲಿರ್ಲಿ ಕಣವ್ವ" ಅಂದರು.

ಪಾಟಿ ಆ ಚೀಲವನ್ನು ನೋಡಿದರು. ನನ್ನನ್ನು ನೋಡಿದರು. ತಮ್ಮ ಗಂಟನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡರು. ಮಾವ ಮಗ್ಗದ ಗುಂಡಿಯಿಂದ ಎದ್ದು ಬಂದು "ನೀರಾದ್ರೂ ಕುಡೀರವ್ವ" ಎಂದು ಲೋಟ ಕೊಟ್ಟರು. ಪಾಟಿ ನಿಂತೇ ಕುಡಿದು ಲೋಟ ನೆಲದ ಮೇಲಿಟ್ಟು, "ವಾ ಕಣ್ಣು, ಪೋಲಾಂ", ಬಾ ಹೋಗೋಣ, ಎಂದು ನನ್ನ ಕೈ ಹಿಡಿದರು. ನಾನು ತಿರುಗಿ ತಿರುಗಿ ನೋಡುತ್ತ ಹೋದೆ. ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಕರೆಯಲಿಲ್ಲ.

ಬಸ್ಸು ಮಧುವನಹಳ್ಳಿ ದಾಟಿತು. ಆಮೇಲೆ ಪಾಟಿ ಗಂಟು ಬಿಚ್ಚಿ ಅದರೊಳಗಿಂದ ಒಂದು ಹಿಡಿ ಹುರಿದ ಕಡ್ಲೆಕಾಯಿ ತೆಗೆದು ಕೊಟ್ಟರು. ಆಗ ನೋಡಿದೆ. ಗಂಟಿನಲ್ಲಿ ನನ್ನ ಬಟ್ಟೆ ಎಲ್ಲ ಇತ್ತು. ಚಳಿಗಾಲದ ಸ್ವೆಟರು, ಕ್ರಿಸ್‌ಮಸ್ಸಿನ ಕೆಂಪು ಲಂಗ, ಸ್ಲೇಟು, ಶಾಲೆಯಿಂದ ಬರೆಸಿಕೊಂಡು ಬಂದ ಟಿ.ಸಿ. ಅದರ ಅಡಿಯಲ್ಲಿ ಅತ್ತೆಯ ಮನೆಗೆಂದು ತಂದ ಹುಣಸೆಹಣ್ಣು.

"ನಿನ್ನ ಅಲ್ಲೇ ಬುಟ್ಟು ಬರಣಾ ಅಂತ ಬಂದೆ ಕಣ್ಣು" ಅಂದರು ಪಾಟಿ. "ನಾನು ಎಷ್ಟು ದಿನ ಇರ್ತೀನಿ? ಟೌನಲ್ಲಿ ಓದಿ ಮುಂದಕ್ ಬರ್ಲಿ ಅಂದ್ಕಂಡೆ. ಆ ಮನೇಲಿ ನಿಂಗೆ ಜಾಗ ಇಲ್ಲ. ಚೀಲ ರೆಡಿ ಮಾಡಿ ಇಟ್ಟಿದ್ರಲ್ಲ, ನಾನು ಬಾಯಿ ಬಿಡೋಕ್ ಮುಂಚೆನೇ. ನೀನೂ ಬರ್ಬೇಡ ಅಂದೆ, ಅವ್ರು ಹೇಳ್ಕೊಟ್ರಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಏಳು ವರ್ಷದವಳಿಗೆ ಉಳಿದದ್ದನ್ನು ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯಲಿಲ್ಲ. ನೀನು ಬರದೇ ಇದ್ದಿದ್ದರೆ ನಾನು ಅಲ್ಲೇ ಇರುತ್ತಿದ್ದೆ ಎಂದು ಪಾಟಿಗೆ ಹೇಳುವುದು ಹೇಗೆ? ಅತ್ತೆಯ ಗುರುತನ್ನು ವಿವರಿಸುವುದು ಹೇಗೆ? ಕಡ್ಲೆಕಾಯಿ ಬಿಡಿಸಿ ತಿನ್ನುತ್ತ ಕೂತೆ. ಪಾಟಿ ಕಣ್ಣು ಒರೆಸಿಕೊಂಡು, "ನಾನು ಬುಟ್ಟು ಬರೋಕೆ ಹೋಗಿದ್ದೆ ಅಂತ ಯಾರ್ ಹತ್ರನೂ ಹೇಳ್ಬೇಡ. ಮಾನ ಹೋಗುತ್ತೆ" ಅಂದರು. ಮಾತೆ ಮರಿಯಳ ಮೇಲೆ ಆಣೆ ಇಡಿಸಿಕೊಂಡರು. ಪಾಟಿ ಬಿಟ್ಟು ಹೋಗಲು ಬಂದಿದ್ದರು, ಅತ್ತೆ ಇಟ್ಟುಕೊಳ್ಳಲು ಕಾಯುತ್ತಿದ್ದರು. ಯಾಕೆ ಬಂದಿರಿ ಎಂಬ ಒಂದು ಪ್ರಶ್ನೆಯನ್ನು ಒಬ್ಬರು ಕೇಳಿದ್ದರೆ ಸಾಕಿತ್ತು. ಅತ್ತೆ ಕೇಳುತ್ತಿದ್ದುದೆಲ್ಲ ದೇವರನ್ನು ಮಾತ್ರ.

ಮುಂದಿನದನ್ನು ಬೆಳೆಸುವುದಿಲ್ಲ. ಅತ್ತೆಗೆ ಮಕ್ಕಳಾಗಲಿಲ್ಲ. ಆ ಕಾರ್ಡು ಗೋಡೆಯ ಮೇಲೇ ಹಳದಿಯಾಗಿ, ಒಂದು ಸಲ ಸುಣ್ಣ ಹೊಡೆಯುವಾಗ ಹೋಯಿತು. ಪಾಟಿ ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಅಪ್ಪ ಆಗಲೇ ಇನ್ನೊಂದು ಮದುವೆಯಾಗಿದ್ದರು, ಓದು ಹತ್ತಕ್ಕೆ ನಿಂತಿತು. ಮದುವೆಯಾಗಿ ಯಳಂದೂರಿಗೆ ಬಂದು ಗಂಡನ ಸಭೆಗೆ ಸೇರಿದೆ. ಅಗರದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಕಲ್‌ಕಲ್ಲು ಎಂಬ ಸಿಹಿತಿಂಡಿ ಕರಿದು ಡಬ್ಬಿಯಲ್ಲಿ ತೆಗೆದುಕೊಂಡು ಅತ್ತೆ ಮಾವನನ್ನು ನೋಡಲು ಹೋಗುತ್ತಿದ್ದೆ. ಅತ್ತೆ ತಟ್ಟೆ ತುಂಬ ಊಟ ಬಡಿಸುತ್ತಿದ್ದರು, ತಲೆಯ ಮೇಲೆ ಕೈಯಿಟ್ಟು ಉದ್ದುದ್ದ ಪ್ರಾರ್ಥನೆ ಮಾಡಿ ಕಳಿಸುತ್ತಿದ್ದರು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ದೇವರ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಹರೆಯದಲ್ಲಿ ನನಗೆ ಪ್ರಾರ್ಥನೆ ಎಂದರೆ ಸಿಟ್ಟು ಬರುತ್ತಿತ್ತು. ಮನುಷ್ಯರು ತಾವು ಹೇಳಲು ಹೆದರುವ ಮಾತನ್ನೆಲ್ಲ ದೇವರ ಬಾಯಿಗೆ ಹಾಕುತ್ತಾರೆ ಎಂದು ಗಂಡನ ಹತ್ತಿರ ಜಗಳ ಆಡಿದ್ದೇನೆ. ಆಮೇಲೆ ನಿಧಾನಕ್ಕೆ, ಅಂಗನವಾಡಿಯ ಮಕ್ಕಳ ನಡುವೆ ಕೂತು, ಒಂದು ವಿಷಯ ಹೊಳೆಯಿತು. ಮಕ್ಕಳು ಬೇಕಾದ್ದನ್ನು ನೇರವಾಗಿ ಕೇಳುವುದಿಲ್ಲ. ಹೊಟ್ಟೆನೋವು ಅನ್ನುತ್ತವೆ, ಅಮ್ಮ ಬೇಕು ಎಂದು ಅರ್ಥ. ಪಕ್ಕದವನು ಹೊಡೆದ ಅನ್ನುತ್ತವೆ, ನನ್ನನ್ನು ಎತ್ತಿಕೋ ಎಂದು ಅರ್ಥ. ಅದನ್ನು ಕೇಳಿಸಿಕೊಳ್ಳಬೇಕಾದರೆ ನಾನು ಬಾಯಿ ಮುಚ್ಚಿಕೊಂಡು ಅವುಗಳ ಮುಖ ನೋಡಬೇಕು. ದೇವರೂ ಹೀಗೇ, ಎದುರಿಗೆ ಬಂದು ನಿಂತವರ ದನಿಯಲ್ಲೇ ಮಾತಾಡುವವನು ಎಂದು ನಂಬಿಕೆ ಬಂತು. ಯಳಂದೂರಿನ ನಮ್ಮ ಸಭೆಯಲ್ಲಿ ಹೆಂಗಸರ ಕೂಟ ನಡೆಸುವ ಕೆಲಸ ನನ್ನ ತಲೆಗೆ ಬಿದ್ದ ಮೇಲೆ ಇದನ್ನೇ ಹೇಳಿದೆ. ಪ್ರಾರ್ಥನೆ ಆದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿಸಿಕೊಳ್ಳೋಣ ಅಂದೆ. ಅರ್ಧ ಜನ ತೂಕಡಿಸಿದರು, ಒಬ್ಬರು ಗೊರಕೆ ಹೊಡೆದರು. ಆದರೂ ಬಿಡಲಿಲ್ಲ. ಮನೆಗೆ ಹೋಗಿ, ಇವತ್ತು ಮೊದಲು ನಿಮ್ಮ ಹತ್ತಿರ ಏನಾದರೂ ಕೇಳುವವರ ಮಾತನ್ನು ದೇವರ ಮಾತು ಎಂದುಕೊಂಡು ಕೇಳಿ ಎನ್ನುತ್ತಿದ್ದೆ. "ನಿಮ್ ಮಾತು ಮನ್ಸಿಗ್ ನಾಟ್ತದೆ ಟೀಚರ್" ಅನ್ನುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಮೇಲೆ ಹೊರಿಸಿಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ.

ಹೋದ ವರ್ಷ ತಪಸ್ಸಿನ ಕಾಲದಲ್ಲಿ, ಈಸ್ಟರ್ ಹಬ್ಬಕ್ಕೆ ಇನ್ನೂ ಕೆಲವು ವಾರ ಇರುವಾಗ, ಮೈದುನನ ಮಗಳ ಮದುವೆಗೆ ಸೀರೆ ತರಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಸೀರೆ ತೆಗೆದ ಮೇಲೆ ಹೊತ್ತಿತ್ತು, ಅತ್ತೆಯನ್ನು ನೋಡಿಬರೋಣ ಎಂದು ನಡೆದೆ. ಮಾವ ಹೋಗಿ ವರ್ಷಗಳಾಗಿದ್ದವು. ಮಗ್ಗ ಬಿಚ್ಚಿ ಮಾರಿ, ಗುಂಡಿ ಮುಚ್ಚಿಸಿ, ಆ ಭಾಗವನ್ನು ಒಬ್ಬ ಟೈಲರಿಗೆ ಬಾಡಿಗೆಗೆ ಕೊಟ್ಟಿದ್ದರು. ಅತ್ತೆ ಹಿಂದಿನ ಎರಡು ಕೋಣೆಯಲ್ಲಿದ್ದರು. ಮಂಡಿ ನೋವು, ಸರಿಯಾಗಿ ಕೂರದ ಹಲ್ಲಿನ ಸೆಟ್ಟು. ಪಕ್ಕದ ಮನೆಯ ಹೆಂಗಸು ಎರಡು ಹೊತ್ತು ಬಂದು ನೋಡಿಕೊಂಡು ಹೋಗುತ್ತಿದ್ದಳು. ನನ್ನನ್ನು ಕಂಡು ಅತ್ತೆಗೆ ಬಹಳ ಸಂತೋಷವಾಯಿತು. ನಾನು ಕಾಫಿ ಮಾಡಿಕೊಟ್ಟೆ. ಅವರು ಸೀರೆ ಬಿಚ್ಚಿಸಿ ನೋಡಿ, ಜರಿ ಸವರಿ, ನಿಮ್ಮ ಮಾವ ಇದ್ದಿದ್ದರೆ ಇದನ್ನು ಬೈಯುತ್ತಿದ್ದರು ಅಂದರು.

ಆಮೇಲೆ ಇದ್ದಕ್ಕಿದ್ದ ಹಾಗೆ ಅವರೇ ಮಾತು ತೆಗೆದರು.

"ನಿನ್ನ ಇಟ್ಕಬೇಕು ಅಂತ ನಂಗೆ ಬಾಳ ಆಸೆ ಇತ್ತು ಕಣವ್ವ. ದೇವ್ರು ಬ್ಯಾಡ ಅಂದ್ಬುಟ್ಟ. ನಿಮ್ಮಜ್ಜಿನೇ ಕಳ್ಸಿ ಏಳ್ದ. ಅವ್ನ ಮಾತ ಮೀರಕ್ಕಾದದಾ? ಒಟ್ಟೇಲಿ ಬೆಂಕಿ ಇಟ್ಕಂಡು ನಿನ್ನ ಕಳಿಸ್ದೆ. ಬದುಕ್ನಲ್ಲಿ ನಾನು ಅವನ ಮಾತು ಪೂರ್ತಿ ಕೇಳಿದ್ದು ಅಂದ್ರೆ ಅದೊಂದೇಯ."

ನಾನು ಸುಮ್ಮನಿರಬಹುದಿತ್ತು. ಆ ವಯಸ್ಸಿನಲ್ಲಿ ಅವರಿಗೆ ಅದೊಂದು ಆಸರೆಯಾಗಿತ್ತು. ಪಾಟಿಯ ಆಣೆಯೂ ಇತ್ತು. ಆದರೆ ನನ್ನ ಹೊಟ್ಟೆಯಲ್ಲೂ ಅದು ಎಷ್ಟೋ ವರ್ಷದಿಂದ ಕೂತಿತ್ತು. ದೇವರ ತಲೆಗೆ ಆ ತಪ್ಪು ಕಟ್ಟಿ ಅತ್ತೆ ಸಾಯುವುದನ್ನು ನನಗೆ ಸಹಿಸಲಾಗಲಿಲ್ಲ. ಹೇಳಿಬಿಟ್ಟೆ.

"ಅತ್ತೆ, ಪಾಟಿ ಆವತ್ತು ನನ್ನನ್ನ ಕರ್ಕಂಡು ಹೋಗಕ್ಕೆ ಬಂದಿರ್ನಿಲ್ಲ. ಬುಟ್ಟು ಹೋಗಕ್ಕೆ ಬಂದಿದ್ರು. ಅವರ ಗಂಟಲ್ಲಿ ನನ್ ಬಟ್ಟೆ ಇತ್ತು, ಟಿ.ಸಿ. ಇತ್ತು. ನಿಮ್ಗೆ ಅಂತ ಹುಣ್ಸೆಹಣ್ಣೂ ತಂದಿದ್ರು."

ಆಚೆ ಕಡೆ ಟೈಲರಿನ ಮಿಷನ್ನು ಓಡುತ್ತಿತ್ತು. ಅತ್ತೆ ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ದೇವರೇ ಎಂದೂ ಅನ್ನಲಿಲ್ಲ. ಮಾತು ಮಾತಿಗೂ ಸ್ವಾಮೀ ಎನ್ನುವ ಬಾಯಿ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕೂತ್ಕಳಿ, ಯಾಕ್ ಬಂದ್ರಿ ಅಂತ ಒಂದ್ ಮಾತ ಕೇಳ್ಬೋದಿತ್ತು" ಅಂದರು ಕೊನೆಗೆ. "ಮನೆಗ್ ಬಂದೋರ್ನ ಯಾರಾದ್ರೂ ಕೇಳೇ ಕೇಳ್ತರೆ. ನಾನ್ ಕೇಳ್ನಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಲೋಟ ತೊಳೆದಿಟ್ಟೆ, ಬೆಳಗಿನ ಬಟ್ಟೆ ಮಡಿಸಿದೆ. ಹೊರಗೆ ಬಿಸಿಲು ಇಳಿದಿತ್ತು. ಸೀರೆಯ ಚೀಲ ತೆಗೆದುಕೊಂಡು ಬರುತ್ತೇನೆ ಎಂದು ಹೇಳಲು ಬಗ್ಗಿದಾಗ ಅತ್ತೆ ನನ್ನ ಸೆರಗಿನ ತುದಿ ಹಿಡಿದರು.

"ಇಲ್ಲೇ ಇದ್ಬುಡು ಇವತ್ತು" ಅಂದರು.

ನನ್ನ ಬಾಯಿಂದ ಉತ್ತರ ಬಂದುಬಿಟ್ಟಿತು. ಯೋಚನೆಯೇ ಮಾಡಲಿಲ್ಲ. "ಬಸ್ಸಿಗೆ ಹೊತ್ತಾಯ್ತು ಅತ್ತೆ. ನಾಳೆ ಅಂಗನವಾಡಿಗೆ ಮೊಟ್ಟೆ ಬತ್ತದೆ, ನಾನೇ ಇಳಿಸ್ಕಬೇಕು" ಅಂದೆ.

"ಊಂ, ಸರಿ ಓಗು" ಎಂದು ತಕ್ಷಣ ಸೆರಗು ಬಿಟ್ಟರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಆವತ್ತಿನದು ಚಿಕ್ಕ ಪ್ರಾರ್ಥನೆ. ದಾರಿಯಲ್ಲಿ ಕಾಪಾಡು ಎಂದಷ್ಟೇ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡು ಬಸ್ಸಿನ ಲೆಕ್ಕ ಹಾಕುತ್ತಿದ್ದೆ.

ಯಳಂದೂರಿನ ಬಸ್ಸು ಹತ್ತಿ, ಸೀಟು ಹಿಡಿದು, ಟಿಕೆಟ್ಟು ತೆಗೆದುಕೊಂಡ ಮೇಲೆ ಅವರು ಅಂದದ್ದು ಏನೆಂದು ನನಗೆ ಕೇಳಿಸಿತು. ಏಳು ವರ್ಷದವಳು ಹೊಸ್ತಿಲ ಮೇಲೆ ಕೂತು ಯಾವ ಮಾತಿಗೆ ಕಾದಿದ್ದಳೋ ಅದೇ ಮಾತು, ಅದೇ ಬಾಯಿಂದ. ಕೇಳಿಸಿಕೊಳ್ಳುವುದನ್ನು ಊರವರಿಗೆಲ್ಲ ಕಲಿಸುವ ನಾನು ಅದಕ್ಕೆ ಮೊಟ್ಟೆಯ ಲೆಕ್ಕ ಹೇಳಿ ಬಂದಿದ್ದೆ. ಅಗರದ ಹತ್ತಿರ ಇಳಿದು ವಾಪಸ್ಸು ಹೋಗಿಬಿಡಲೇ ಎನ್ನಿಸಿತು. ಕತ್ತಲಾಗುತ್ತಿತ್ತು, ಕೈಯಲ್ಲಿ ಮದುವೆಯ ಸೀರೆ ಇತ್ತು, ಮನೆಯಲ್ಲಿ ಗಂಡ ಕಾಯುತ್ತಿದ್ದರು. ಇಳಿಯಲಿಲ್ಲ. ಅಳು ಬಂತು, ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿ ಮುಚ್ಚಲಾ ಎಂದು ಕೇಳಿದಳು.

ಆ ರಾತ್ರಿಯೇ ಗಂಡನ ಹತ್ತಿರ ಹೇಳಿದೆ. ಶನಿವಾರ ಹೋಗಿ ಒಂದು ವಾರ ಇದ್ದು ಬರುತ್ತೇನೆ, ರಜ ಹಾಕುತ್ತೇನೆ ಅಂದೆ. ಅವರು ಇಲ್ಲವೆನ್ನಲಿಲ್ಲ. ಬೆಳಿಗ್ಗೆ ಅತ್ತೆಗೆ ಫೋನು ಮಾಡಿ ಬರುತ್ತೇನೆ ಎಂದು ತಿಳಿಸಿದೆ. ಅವರಿಗೆ ಕಿವಿ ಮಂದ, ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ. "ಯಾರು, ಯಾರು?" ಎಂದು ಎರಡು ಸಲ ಕೇಳಿ, "ಆಯ್ತು ಕಣವ್ವ, ದೇವ್ರು ಒಳ್ಳೇದ್ ಮಾಡ್ಲಿ" ಎಂದು ಇಟ್ಟರು. ನಾನು ಬರುತ್ತೇನೆ ಎಂದದ್ದು ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಗುರುವಾರ ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಫೋನು ಮಾಡಿದಳು. ಬೆಳಿಗ್ಗೆ ಬಾಗಿಲು ತಟ್ಟಿದರೆ ಅತ್ತೆ ಏಳಲಿಲ್ಲವಂತೆ.